ಸ್ಟೈಪೆಂಡ್ ಪಡೆಯುತ್ತಲೇ ಇಎಂಟಿ ಆಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಆಂಬುಲೆನ್ಸ್‌ನಲ್ಲಿ ರೋಗಿಯ ಪಕ್ಕ ಕೂತು ಮಾಡುವ ಕೆಲಸವನ್ನು ಕಲಿಯಲು ಎರಡು ದಾರಿ ಇವೆ. ಫೀಸು ಕಟ್ಟಿ ಕೋರ್ಸ್ ಮಾಡುವುದು ಒಂದು. ತಿಂಗಳಿಗಿಷ್ಟು ಸ್ಟೈಪೆಂಡ್ ಪಡೆಯುತ್ತಾ ಅಪ್ರೆಂಟಿಸ್ ಆಗಿ ಕಲಿಯುವುದು ಇನ್ನೊಂದು. ಇಲ್ಲಿರುವುದು ಎರಡನೆಯ ದಾರಿಯ ವಿವರ. ಪಿಯುಸಿ ಮುಗಿಸಿದವರು, ಅವರ ಮನೆಯವರು ಮತ್ತು ಈಗಾಗಲೇ ಆಸ್ಪತ್ರೆಗಳಲ್ಲಿ ವಾರ್ಡ್ ಬಾಯ್, ಅಟೆಂಡರ್ ಆಗಿ ಇರುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ತೆಗೆದುಕೊಂಡಿದ್ದೇವೆ.

ಇಎಂಟಿ ಅಂದರೆ ನರ್ಸೇ, ಡ್ರೈವರೇ?

ಎರಡೂ ಅಲ್ಲ. ಎಮರ್ಜೆನ್ಸಿ ಮೆಡಿಕಲ್ ಟೆಕ್ನೀಷಿಯನ್ ಅನ್ನುವುದರ ಚಿಕ್ಕ ರೂಪ ಇಎಂಟಿ. ರೋಗಿ ಬಿದ್ದಿರುವ ಜಾಗದಿಂದ ಕ್ಯಾಷುವಾಲ್ಟಿ ಬಾಗಿಲಿನವರೆಗೆ ಅವರ ಉಸಿರು, ರಕ್ತಸ್ರಾವ, ನಾಡಿ ಎಲ್ಲವೂ ಇಎಂಟಿಯ ಹೊಣೆ. ಕರ್ನಾಟಕದಲ್ಲಿ 108 ಆರೋಗ್ಯ ಕವಚ ಸೇವೆ 2008ರ ನವೆಂಬರ್ 1ರಂದು ಶುರುವಾಯಿತು. ಅಲ್ಲಿ ಗಾಡಿ ಓಡಿಸುವವರನ್ನು ಪೈಲಟ್ ಅನ್ನುತ್ತಾರೆ, ರೋಗಿಯ ಜೊತೆ ಇರುವವರು ಇಎಂಟಿ. ಒಂದು ಗಾಡಿಗೆ ಸಾಮಾನ್ಯವಾಗಿ ಇವರಿಬ್ಬರೇ ಇರುವುದರಿಂದ, ರೋಗಿಯನ್ನು ಮೆಟ್ಟಿಲಿನಿಂದ ಇಳಿಸುವ ಕೆಲಸದಲ್ಲೂ ಅರ್ಧ ಭಾರ ನಿಮ್ಮದೇ. ಸೊಂಟ ಗಟ್ಟಿಯಿರಬೇಕು ಅನ್ನುವುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಅಪ್ರೆಂಟಿಸ್ ಅಂದರೆ ಕೆಲಸಕ್ಕೆ ಸೇರಿದ ಹಾಗೆಯೇ?

ಅಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಆದವರು ತರಬೇತಿ ಪಡೆಯುವವರು, ಕಾರ್ಮಿಕರಲ್ಲ. ಹಾಗಾಗಿ ಪಿಎಫ್, ಇಎಸ್‌ಐ ಅನ್ವಯಿಸುವುದಿಲ್ಲ. ಆದರೆ ತರಬೇತಿಯ ವೇಳೆ ಗಾಯವಾದರೆ ಪರಿಹಾರ ಕೊಡುವ ಹೊಣೆ ಉದ್ಯೋಗದಾತರದ್ದೇ. ಅದನ್ನು ಅದೇ ಕಾಯ್ದೆ ಹೇಳುತ್ತದೆ. ಅಪ್ರೆಂಟಿಸ್‌ಶಿಪ್ ಸಲಹೆಗಾರರ, ಅಂದರೆ ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಅಧಿಕಾರಿಯ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ ಅನ್ನುವುದೂ ಅಲ್ಲೇ ಇದೆ. ರಿಲೀವರ್ ಬರಲಿಲ್ಲ, ಇನ್ನೊಂದು ಶಿಫ್ಟ್ ಇದ್ದುಬಿಡು ಅನ್ನುವುದು ಈ ಕ್ಷೇತ್ರದಲ್ಲಿ ದಿನನಿತ್ಯದ ಮಾತು. ಅಪ್ರೆಂಟಿಸ್‌ಗೆ ಆ ಮಾತು ಹೇಳುವ ಹಾಗಿಲ್ಲ.

ಏನು ಓದಿರಬೇಕು? ವಯಸ್ಸು ಎಷ್ಟಾಗಿರಬೇಕು?

ಬೇಸಿಕ್ ಹಂತದ ಇಎಂಟಿಗೆ ಪಿಯುಸಿ ಸಾಕು. ಸೈನ್ಸ್ ಓದಿದವರಿಗೆ ಆದ್ಯತೆ ಸಿಗುತ್ತದೆ. ಆರ್ಟ್ಸ್, ಕಾಮರ್ಸ್ ಓದಿದವರನ್ನು ತೆಗೆದುಕೊಳ್ಳುವುದು, ಬಿಡುವುದು ಆಯಾ ಸಂಸ್ಥೆಯ ಪ್ರಕಟಣೆಗೆ ಬಿಟ್ಟದ್ದು. ವಯಸ್ಸು 18 ತುಂಬಿರಬೇಕು ಅಂತಲೇ ಇಟ್ಟುಕೊಳ್ಳಿ. ಕಾಯ್ದೆಯ ಕನಿಷ್ಠ ವಯಸ್ಸು 14 ಆದರೂ ಅಪಾಯದ ಕೆಲಸಗಳಿಗೆ 18 ಕಡ್ಡಾಯ. ಡಿಪ್ಲೊಮಾ, ಡಿಗ್ರಿ ಮುಗಿಸಿದವರಿಗೆ ಕೇಂದ್ರ ಶಿಕ್ಷಣ ಸಚಿವಾಲಯದ ನ್ಯಾಟ್ಸ್ ಅನ್ನುವ ಇನ್ನೊಂದು ಯೋಜನೆ ಇದೆ. ಅದರ ಪೋರ್ಟಲ್ ಬೇರೆ, ಗೊಂದಲ ಮಾಡಿಕೊಳ್ಳಬೇಡಿ.

ಸ್ಟೈಪೆಂಡ್ ಎಷ್ಟು? ಯಾರು ಕೊಡುತ್ತಾರೆ?

2019ರಲ್ಲಿ ತಿದ್ದುಪಡಿಯಾದ ನಿಯಮದಂತೆ ತಿಂಗಳಿಗೆ ಕನಿಷ್ಠ ದರ ಹೀಗಿದೆ: ಹತ್ತನೇ ತರಗತಿ ಪಾಸಾದವರಿಗೆ 6,000 ರೂ., ಪಿಯುಸಿಯವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ತರಬೇತಿ ಎರಡನೇ ವರ್ಷಕ್ಕೆ ಮುಂದುವರಿದರೆ ಶೇ 10ರಷ್ಟು ಏರಬೇಕು. ಈ ದರಗಳನ್ನು ಹೆಚ್ಚಿಸಬೇಕು ಅಂತ 2025ರಲ್ಲಿ ಶಿಫಾರಸು ಆಗಿದೆ. ಆದ್ದರಿಂದ ಸಹಿ ಹಾಕುವ ದಿನ ಜಾರಿಯಲ್ಲಿರುವ ದರವನ್ನು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಇದು ಕನಿಷ್ಠ, ಇದಕ್ಕಿಂತ ಹೆಚ್ಚು ಕೊಡಲು ಯಾವ ಅಡ್ಡಿಯೂ ಇಲ್ಲ.

ದುಡ್ಡು ಎರಡು ಕಡೆಯಿಂದ ಬರುತ್ತದೆ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ, ಅಂದರೆ ನ್ಯಾಪ್ಸ್ ಅಡಿ ಕೇಂದ್ರ ಸರ್ಕಾರ ಸ್ಟೈಪೆಂಡ್‌ನ ಶೇ 25ರಷ್ಟನ್ನು ಭರಿಸುತ್ತದೆ, ಆದರೆ 1,500 ರೂ. ಮಿತಿಯಲ್ಲಿ. 7,000ದ ಕಾಲು ಭಾಗ 1,750 ಆದರೂ ಸರ್ಕಾರದಿಂದ ಬರುವುದು 1,500 ಮಾತ್ರ; ಉಳಿದ 5,500 ಉದ್ಯೋಗದಾತರು ಹಾಕಬೇಕು. ಸರ್ಕಾರದ ಪಾಲು ನೇರ ನಿಮ್ಮ ಖಾತೆಗೆ ಬೀಳುತ್ತದೆ. ಸಿಕ್ಕಿಹಾಕಿಕೊಳ್ಳುವುದು ಇಲ್ಲೇ: ಖಾತೆಗೆ ಆಧಾರ್ ಸೀಡಿಂಗ್ ಆಗಿರಬೇಕು. ಬ್ಯಾಂಕಿನಲ್ಲಿ ಆಧಾರ್ ಝೆರಾಕ್ಸ್ ಕೊಟ್ಟ ಮಾತ್ರಕ್ಕೆ ಸೀಡಿಂಗ್ ಆಗಿರುವುದಿಲ್ಲ. ನೇರ ನಗದು ವರ್ಗಾವಣೆಗೆ ಈ ಖಾತೆಯನ್ನೇ ಜೋಡಿಸಿ ಅಂತ ಬರೆದುಕೊಟ್ಟು ಮಾಡಿಸಬೇಕು. ಗ್ಯಾಸ್ ಸಬ್ಸಿಡಿ ಬೇರೆ ಖಾತೆಗೆ ಬರುತ್ತಿದ್ದರೆ ಈ ದುಡ್ಡೂ ಅಲ್ಲಿಗೇ ಹೋಗುತ್ತದೆ.

ಒಂದು ಟ್ರಿಪ್‌ಗೆ ಇಷ್ಟು ಅಂತ ಕೊಡುತ್ತೇವೆ ಅನ್ನುತ್ತಾರೆ. ಒಪ್ಪಬಹುದೇ?

ಬೇಡ. ಮಾಡಿದ ಕೆಲಸದ ಲೆಕ್ಕಕ್ಕೆ, ಅಂದರೆ ಪೀಸ್ ರೇಟ್‌ನಲ್ಲಿ ಅಪ್ರೆಂಟಿಸ್‌ಗೆ ದುಡ್ಡು ಕೊಡುವುದನ್ನು ಕಾಯ್ದೆಯೇ ನಿಷೇಧಿಸಿದೆ. ಟ್ರಿಪ್ ಲೆಕ್ಕ ಅಂದರೆ ಅಲ್ಲಿ ಅಪ್ರೆಂಟಿಸ್‌ಶಿಪ್ ಇಲ್ಲ, ಅಗ್ಗದ ಹೆಲ್ಪರ್ ಬೇಕಾಗಿದ್ದಾರೆ ಅಂತ ಅರ್ಥ. ಹಾಗೆಯೇ, ಅಪ್ರೆಂಟಿಸ್ ಸೀಟಿಗೆ ನೀವೇ ದುಡ್ಡು ಕಟ್ಟಬೇಕು ಅಂದರೆ ಅದು ಕೋರ್ಸ್. ಹೆಸರು ಏನೇ ಇರಲಿ.

ಸೀಟು ಹುಡುಕುವುದು ಹೇಗೆ?

ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಅಭ್ಯರ್ಥಿಯಾಗಿ ನೋಂದಾಯಿಸಿಕೊಳ್ಳಿ. ಆಧಾರ್, ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್, ಫೋಟೋ ಸಿದ್ಧವಿರಲಿ. ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನ ಅಂಕಪಟ್ಟಿಯ ಜೊತೆ ಅಕ್ಷರಶಃ ಹೊಂದಬೇಕು. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದು ಅರ್ಜಿ ನಿಂತುಬಿಡುವುದು ನಮ್ಮ ಕಡೆ ಬಹಳ. ಮೊದಲೇ ಸರಿಮಾಡಿಸಿಕೊಳ್ಳಿ.

ಪೋರ್ಟಲ್‌ನಲ್ಲಿ ಅವಕಾಶ ಕಾಣಲಿಲ್ಲ ಅಂತ ಕೈಚೆಲ್ಲಬೇಡಿ. 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ, ಅಂದರೆ ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಯೂ ಸೇರಿದಂತೆ, ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಎಷ್ಟೋ ಆಸ್ಪತ್ರೆಗಳು ಈ ಲೆಕ್ಕವನ್ನು ಆಫೀಸ್ ಕೆಲಸದವರಿಂದ ತುಂಬಿಸಿಕೊಳ್ಳುತ್ತವೆ. ನೇರ ಎಚ್‌ಆರ್ ವಿಭಾಗಕ್ಕೆ ಹೋಗಿ, ಕ್ಯಾಷುವಾಲ್ಟಿ ಮತ್ತು ಆಂಬುಲೆನ್ಸ್‌ಗೆ ಇಎಂಟಿ ಅಪ್ರೆಂಟಿಸ್ ತೆಗೆದುಕೊಳ್ಳುತ್ತೀರಾ ಅಂತ ಕೇಳಿ. ಸರ್ಕಾರದ ಪಾಲಿನ 1,500 ರೂಪಾಯಿಯ ವಿಷಯ ಅವರಿಗೇ ಗೊತ್ತಿಲ್ಲದಿರಬಹುದು, ನೀವೇ ಹೇಳಿ.

ಸಹಿ ಹಾಕುವ ಮೊದಲು ಏನು ನೋಡಬೇಕು?

ಎಲ್ಲಕ್ಕಿಂತ ಮೊದಲು, ಕರಾರು ಪೋರ್ಟಲ್‌ನಲ್ಲಿ ನೋಂದಣಿ ಆಗುತ್ತದೆಯೇ ಅನ್ನುವುದು. ನೋಂದಣಿ ಸಂಖ್ಯೆ ಇಲ್ಲದ ಕರಾರು ಲೆಟರ್‌ಹೆಡ್ ಮೇಲಿನ ಒಂದು ಪತ್ರ ಅಷ್ಟೇ. ವರ್ಷವಿಡೀ ದುಡಿದ ಮೇಲೆ ಪರೀಕ್ಷೆಗೆ ಹೆಸರೇ ಇಲ್ಲ ಅಂದಾಗ ಆ ಪತ್ರ ಯಾವ ಉಪಯೋಗಕ್ಕೂ ಬರುವುದಿಲ್ಲ. ಟ್ರೇಡ್ ಹೆಸರಿನ ಜಾಗದಲ್ಲಿ ಎಮರ್ಜೆನ್ಸಿ ಮೆಡಿಕಲ್ ಟೆಕ್ನೀಷಿಯನ್ ಅಂತಲೇ ಇರಬೇಕು. ಜನರಲ್ ಡ್ಯೂಟಿ ಅಸಿಸ್ಟೆಂಟ್ ಅಂತ ಇದ್ದರೆ ಅದು ವಾರ್ಡ್ ಕೆಲಸದ ತರಬೇತಿ. ಇಎಂಟಿಯಂಥ ಆಪ್ಷನಲ್ ಟ್ರೇಡ್‌ಗಳಿಗೆ, ಅಂದರೆ ಸರ್ಕಾರ ನಿಗದಿಪಡಿಸಿದ ಪಟ್ಟಿಯ ಹೊರಗಿನ ತರಬೇತಿಗಳಿಗೆ, ಅವಧಿ 6ರಿಂದ 36 ತಿಂಗಳವರೆಗೆ ಇರಬಹುದು. ನಿಮ್ಮದು ಎಷ್ಟು, ಅದರಲ್ಲಿ ತರಗತಿ ಎಷ್ಟು, ಗಾಡಿಯ ಮೇಲೆ ಎಷ್ಟು ಅಂತ ಬರೆದಿರಲಿ.

ಇನ್ನೊಂದು ಪ್ರಶ್ನೆ ಕಡ್ಡಾಯವಾಗಿ ಕೇಳಿ: ಯಾವ ಮಾದರಿಯ ಗಾಡಿ? ಆಂಬುಲೆನ್ಸ್‌ಗಳ ರಾಷ್ಟ್ರೀಯ ಮಾನದಂಡ ಎಐಎಸ್-125ರಲ್ಲಿ ನಾಲ್ಕು ಬಗೆಗಳಿವೆ. ‘ಎ’ ಅಂದರೆ ಬೈಕ್‌ನಂಥ ಮೊದಲ ಸ್ಪಂದನೆಯ ವಾಹನ, ‘ಬಿ’ ರೋಗಿಯನ್ನು ಸಾಗಿಸಲು ಮಾತ್ರ, ‘ಸಿ’ ಬೇಸಿಕ್ ಲೈಫ್ ಸಪೋರ್ಟ್, ‘ಡಿ’ ಅಡ್ವಾನ್ಸ್‌ಡ್ ಲೈಫ್ ಸಪೋರ್ಟ್. ‘ಬಿ’ ಗಾಡಿಯಲ್ಲಿ ಡಿಸ್ಚಾರ್ಜ್ ಆದವರನ್ನು ಮನೆಗೆ ಬಿಡುವುದು, ಡಯಾಲಿಸಿಸ್‌ಗೆ ಕರೆತರುವುದು ಇಷ್ಟೇ ಕೆಲಸ. ಅಲ್ಲಿ ಒಂದು ವರ್ಷ ಕಳೆದವರಿಗೆ ಸ್ಟ್ರೆಚರ್ ಹಿಡಿಯಲು ಚೆನ್ನಾಗಿ ಬರುತ್ತದೆ, ಅದಕ್ಕಿಂತ ಹೆಚ್ಚೇನೂ ಬರುವುದಿಲ್ಲ.

ತರಬೇತಿ ಯಾವ ಕ್ರಮದಲ್ಲಿ ನಡೆಯುತ್ತದೆ?

ಮೊದಲು ತರಗತಿ ಮತ್ತು ಸ್ಕಿಲ್ ಲ್ಯಾಬ್: ಶರೀರ ರಚನೆ, ಬಿಪಿ, ನಾಡಿ, ಶುಗರ್ ನೋಡುವುದು, ಬೊಂಬೆಯ ಮೇಲೆ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವುದು), ಮುರಿದ ಕೈಕಾಲಿಗೆ ಸ್ಪ್ಲಿಂಟ್ ಕಟ್ಟುವುದು. ಆಮೇಲೆ ಕ್ಯಾಷುವಾಲ್ಟಿ, ಲೇಬರ್ ವಾರ್ಡ್. ಕೊನೆಗೆ ಅನುಭವಿ ಇಎಂಟಿಯ ಜೊತೆ ಮೂರನೆಯವರಾಗಿ ಗಾಡಿ ಹತ್ತುವುದು. ಈ ಮೂರನೆಯವರು ಅನ್ನುವ ಮಾತು ಮುಖ್ಯ. ಮೊದಲ ತಿಂಗಳಲ್ಲೇ ಪೈಲಟ್ ಜೊತೆ ನಿಮ್ಮೊಬ್ಬರನ್ನೇ ಕಳಿಸಿದರೆ ಅದು ತರಬೇತಿ ಅಲ್ಲ, ರೋಗಿಗೂ ಅಪಾಯ. ಲಿಖಿತವಾಗಿ ಆಕ್ಷೇಪಿಸಿ.

ಪ್ರತಿ ಕೇಸನ್ನೂ ಲಾಗ್‌ಬುಕ್‌ನಲ್ಲಿ ಬರೆದು ಮೇಲ್ವಿಚಾರಕರ ಸಹಿ ಅದೇ ದಿನ ಹಾಕಿಸಿಕೊಳ್ಳಿ. ತಿಂಗಳ ಕೊನೆಗೆ ಒಟ್ಟಿಗೆ ಮಾಡಿಸೋಣ ಅಂದರೆ ಅಷ್ಟರಲ್ಲಿ ಅವರಿಗೆ ವರ್ಗಾವಣೆ ಆಗಿರುತ್ತದೆ.

ಶಿಫ್ಟ್ ಶುರುವಾದ ಕೂಡಲೇ ಏನು ಮಾಡಬೇಕು?

ಗಾಡಿ ಚೆಕ್. ಹೆಚ್ಚಿನ ಕಡೆ ಶಿಫ್ಟ್ 12 ಗಂಟೆಯದು. ಅದರ ಮೊದಲ 15–20 ನಿಮಿಷ ಇದಕ್ಕೇ ಮೀಸಲು. ಹಿಂದಿನ ಶಿಫ್ಟಿನವರು ‘ಎಲ್ಲಾ ಸರಿ ಇದೆ’ ಅಂದ ಮಾತನ್ನು ನಂಬಿ ಸಹಿ ಹಾಕುವುದೇ ಹೊಸಬರು ಮಾಡುವ ದೊಡ್ಡ ತಪ್ಪು.

ಆಕ್ಸಿಜನ್‌ನ ಲೆಕ್ಕವನ್ನೇ ನೋಡಿ. ಆಂಬುಲೆನ್ಸ್‌ನಲ್ಲಿ ಹೆಚ್ಚಾಗಿ ಇರುವ ಬಿ-ಟೈಪ್ ಸಿಲಿಂಡರ್‌ನ ಗಾತ್ರ 10 ಲೀಟರ್. ತುಂಬಿದಾಗ ಗೇಜ್ ಸುಮಾರು 150 ಕೆ.ಜಿ. ಒತ್ತಡ ತೋರಿಸುತ್ತದೆ. ಹತ್ತನ್ನು ನೂರೈವತ್ತರಿಂದ ಗುಣಿಸಿದರೆ 1,500 ಲೀಟರ್ ಆಕ್ಸಿಜನ್. ನಿಮಿಷಕ್ಕೆ 15 ಲೀಟರ್ ಹರಿಸಿದರೆ 100 ನಿಮಿಷ ಬರುತ್ತದೆ. ಈಗ ಗೇಜ್ 40ರಲ್ಲಿದೆ ಅನ್ನಿ. ಪೂರ್ತಿ ಖಾಲಿ ಮಾಡುವಂತಿಲ್ಲ, ಸುಮಾರು 14 ಕೆ.ಜಿ. ಒತ್ತಡ ಉಳಿಸಬೇಕು. ಉಳಿದ 26ನ್ನು ಹತ್ತರಿಂದ ಗುಣಿಸಿದರೆ 260 ಲೀಟರ್. 15ರಂತೆ ಹರಿಸಿದರೆ 17 ನಿಮಿಷಕ್ಕೆ ಮುಗಿಯಿತು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿ.ಮೀ. ಅರ್ಧ ದಾರಿಯನ್ನೂ ಮುಟ್ಟುವುದಿಲ್ಲ. ಗೇಜಿನ ಮುಳ್ಳು ಕೆಂಪಿಗೆ ಬಂದಿಲ್ಲ, ಪರವಾಗಿಲ್ಲ ಅನ್ನುವುದು ಲೆಕ್ಕವಲ್ಲ. ಮುಂದಿನ ಆಸ್ಪತ್ರೆ ಎಷ್ಟು ದೂರ ಅನ್ನುವುದರ ಮೇಲೆ ಲೆಕ್ಕ ಹಾಕಬೇಕು.

ರೆಗ್ಯುಲೇಟರ್ ಬಳಿ ಸುಯ್ ಅನ್ನುವ ಸದ್ದು ಬಂದರೆ ವಾಷರ್ ಸವೆದಿದೆ. ಬಿಗಿ ಕೂರಲಿ ಅಂತ ಗ್ರೀಸ್, ಎಣ್ಣೆ ಹಚ್ಚಲೇಬೇಡಿ. ಒತ್ತಡದ ಆಕ್ಸಿಜನ್‌ಗೆ ಎಣ್ಣೆ ತಾಗಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಸಿಲಿಂಡರ್ ಕೀ ಅದರ ಜಾಗದಲ್ಲೇ ಇದೆಯೇ ನೋಡಿ. ಬಾಯಿ, ಗಂಟಲಿನ ಕಫ, ರಕ್ತ ಎಳೆಯುವ ಸಕ್ಷನ್ ಮಷಿನ್ ಆನ್ ಮಾಡಿ ಟ್ಯೂಬ್‌ನ ಬಾಯಿ ಮುಚ್ಚಿದರೆ 4 ಸೆಕೆಂಡಿನೊಳಗೆ ಮುಳ್ಳು 300ಕ್ಕೆ ಏರಬೇಕು. ಏರದಿದ್ದರೆ ಹೆಚ್ಚಿನ ಸಲ ಜಾರ್‌ನ ಮುಚ್ಚಳ ಸರಿಯಾಗಿ ಕೂತಿರುವುದಿಲ್ಲ. ಎಇಡಿ, ಅಂದರೆ ಹೃದಯಕ್ಕೆ ಶಾಕ್ ಕೊಡುವ ಯಂತ್ರದ ಪ್ಯಾಡ್‌ನ ಎಕ್ಸ್‌ಪೈರಿ, ಗ್ಲುಕೋಮೀಟರ್ ಸ್ಟ್ರಿಪ್, ಸ್ಟ್ರೆಚರ್‌ನ ಲಾಕ್, ಇವೆಲ್ಲ ಎರಡು ನಿಮಿಷದ ಕೆಲಸ.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎಲ್ಲಿ ಎಡವುತ್ತಾರೆ?

ಪರೀಕ್ಷೆಯನ್ನು ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಮೌಲ್ಯಮಾಪಕರು ನಡೆಸುತ್ತಾರೆ. ಥಿಯರಿಯಲ್ಲಿ ಹೇಗೋ ದಾಟುವವರು ಬೊಂಬೆಯ ಮುಂದೆ ಎಡವುತ್ತಾರೆ.

ಸಿಪಿಆರ್‌ನಲ್ಲಿ ಎದೆ 5ರಿಂದ 6 ಸೆಂ.ಮೀ. ಇಳಿಯಬೇಕು, ವೇಗ ನಿಮಿಷಕ್ಕೆ 100ರಿಂದ 120, 30 ಒತ್ತಿಗೆ 2 ಉಸಿರು. ಇದು ಎಲ್ಲರಿಗೂ ಬಾಯಿಪಾಠ. ಆದರೆ ಒತ್ತಿದ ಮೇಲೆ ಕೈಯ ಭಾರ ಎದೆಯ ಮೇಲೇ ಬಿಟ್ಟಿರುತ್ತಾರೆ. ಎದೆ ಪೂರ್ತಿ ಮೇಲೆ ಬರದಿದ್ದರೆ ಹೃದಯಕ್ಕೆ ರಕ್ತ ವಾಪಸ್ ತುಂಬುವುದಿಲ್ಲ. ಮುಂದಿನ ಒತ್ತಿನಲ್ಲಿ ಹೊರಗೆ ತಳ್ಳಲು ಏನೂ ಇರುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು ಅನ್ನುವುದನ್ನೂ ಹುಮ್ಮಸ್ಸಿನಲ್ಲಿ ಮರೆಯುತ್ತಾರೆ. ಸುಸ್ತಾದ ಕೈ ಒತ್ತುವ ಆಳ ಕಡಿಮೆಯಾಗಿರುವುದು ಒತ್ತುವವರಿಗೇ ಗೊತ್ತಾಗುವುದಿಲ್ಲ.

ಕೈಯಿಂದ ಹಿಂಡಿ ಉಸಿರು ಕೊಡುವ ಆಂಬು ಬ್ಯಾಗ್ ಇನ್ನೂ ಕಷ್ಟ. ದೊಡ್ಡವರ ಬ್ಯಾಗ್‌ನಲ್ಲಿ ಒಂದೂವರೆ ಲೀಟರ್ ಹತ್ತಿರ ಗಾಳಿ ಹಿಡಿಸುತ್ತದೆ, ಬೇಕಾಗಿರುವುದು 500–600 ಮಿ.ಲೀ. ಮಾತ್ರ. ನಾಡಿ ಇದ್ದು ಉಸಿರಿಲ್ಲದ ದೊಡ್ಡವರಿಗೆ 6 ಸೆಕೆಂಡಿಗೊಂದು ಉಸಿರು ಸಾಕು. ಗಾಬರಿಯಲ್ಲಿ ಪೂರ್ತಿ ಹಿಂಡಿ, ಬೇಗ ಬೇಗ ಕೊಟ್ಟರೆ ಗಾಳಿ ಹೊಟ್ಟೆಗೆ ಹೋಗುತ್ತದೆ, ವಾಂತಿ ಆಗುತ್ತದೆ, ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಎದೆ ಏಳುವುದು ಕಂಡ ಕೂಡಲೇ ಕೈ ಸಡಿಲಿಸಿ.

ಬೆನ್ನುಮೂಳೆ ಅಲುಗದ ಹಾಗೆ ರೋಗಿಯನ್ನು ಕಟ್ಟುವ ಹಲಗೆ, ಸ್ಪೈನ್ ಬೋರ್ಡ್‌ನಲ್ಲಿ ಕ್ರಮ ತಪ್ಪುತ್ತದೆ. ಮೊದಲು ಎದೆ, ಸೊಂಟ, ಕಾಲಿನ ಪಟ್ಟಿ, ತಲೆ ಕೊನೆಗೆ. ತಲೆ ಮೊದಲು ಕಟ್ಟಿ ದೇಹ ಜಾರಿದರೆ ಅಷ್ಟೂ ತಿರುಚು ಕುತ್ತಿಗೆಗೆ ಬೀಳುತ್ತದೆ. ಇನ್ನು ಗ್ಲೌಸ್ ಹಾಕದೆ, ಸುತ್ತ ಅಪಾಯ ಇದೆಯೇ ಅಂತ ಹೇಳದೆ ನೇರ ರೋಗಿಗೆ ಕೈ ಹಾಕಿದರೆ, ಮುಂದೆ ಎಷ್ಟೇ ಚೆನ್ನಾಗಿ ಮಾಡಿದರೂ ಅಂಕ ಹೋಗುತ್ತದೆ. ಹೋಗಬೇಕಾದದ್ದೇ: ರಸ್ತೆಯಲ್ಲಿ ಕರೆಂಟ್ ತಂತಿ ಬಿದ್ದಿರುತ್ತದೆ.

ಗಾಡಿಯಲ್ಲೇ ಹೆರಿಗೆ ಆದರೆ?

ಆಗುತ್ತದೆ. 108ಕ್ಕೆ ಬರುವ ಕರೆಗಳಲ್ಲಿ ಗರ್ಭಿಣಿಯರದ್ದು ದೊಡ್ಡ ಪಾಲು. ಅಪಘಾತದ ಕನಸು ಕಾಣುತ್ತಾ ಬಂದವರು ಇದಕ್ಕೆ ಸಿದ್ಧರಾಗಿರುವುದಿಲ್ಲ. ಲೇಬರ್ ವಾರ್ಡ್ ಪೋಸ್ಟಿಂಗ್‌ನಲ್ಲಿ ಮೂಲೆಯಲ್ಲಿ ನಿಲ್ಲಬೇಡಿ. ಸಿಸ್ಟರ್ ಹತ್ತಿರ ನಿಂತು ಕೈ ಹೇಗೆ ಇಡುತ್ತಾರೆ ನೋಡಿ. ಮಗುವನ್ನು ಎಳೆಯಬಾರದು, ಹಿಡಿಯಬೇಕು. ಬಂದ ಕೂಡಲೇ ಒರೆಸಿ ಒಣಗಿಸಿ ತಾಯಿಯ ಹೊಟ್ಟೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವ ಹಾಗೆ ಮಲಗಿಸಿ, ಬಟ್ಟೆ ಹೊದಿಸಿ. ಮಗು ಅಳುತ್ತಿದ್ದರೆ ಬಳ್ಳಿ ಕತ್ತರಿಸಲು 1ರಿಂದ 3 ನಿಮಿಷ ಕಾಯಬಹುದು. ಮಗುವಿನ ಹೊಟ್ಟೆಯಿಂದ 2 ಸೆಂ.ಮೀ. ಮತ್ತು 5 ಸೆಂ.ಮೀ. ದೂರದಲ್ಲಿ ಎರಡು ಕಡೆ ಕಟ್ಟಿ ನಡುವೆ ಕತ್ತರಿಸಿ. ಆ ಹೊತ್ತಿಗೆ ಗಾಡಿ ನಿಂತಿರಲಿ; ಓಡುವ ಗಾಡಿಯಲ್ಲಿ ಬ್ಲೇಡ್ ಹಿಡಿಯಬಾರದು. ಎಸಿಯನ್ನು ಮೊದಲೇ ಆಫ್ ಮಾಡಿಸಿ.

ನಾವೇ ಔಷಧಿ ಕೊಡಬಹುದೇ? ಯಾವ ಆಸ್ಪತ್ರೆ ಅಂತ ಯಾರು ಹೇಳುತ್ತಾರೆ?

ನಿಗದಿಯಾದ ಪ್ರೋಟೋಕಾಲ್ ಮತ್ತು ವೈದ್ಯರ ಸೂಚನೆ ಮೀರಿ ಏನನ್ನೂ ಕೊಡುವಂತಿಲ್ಲ. 108ರಲ್ಲಿ ಕಾಲ್ ಸೆಂಟರ್‌ನಲ್ಲೇ ಇಆರ್‌ಸಿಪಿ ಅನ್ನುವ ವೈದ್ಯರು ಫೋನಿನಲ್ಲಿ ಸಿಗುತ್ತಾರೆ. ಅವರು ಹೇಳಿದ್ದು, ಹೇಳಿದ ಸಮಯ, ಕೊಟ್ಟ ಪ್ರಮಾಣ ಮೂರನ್ನೂ ಪಿಸಿಆರ್, ಅಂದರೆ ರೋಗಿಯ ದಾಖಲೆ ಹಾಳೆಯಲ್ಲಿ ಬರೆಯಬೇಕು. ಬರೆಯದ ಚಿಕಿತ್ಸೆ ಕೋರ್ಟಿನ ಮುಂದೆ ಮಾಡದ ಚಿಕಿತ್ಸೆ.

ಹತ್ತಿರದ ಆಸ್ಪತ್ರೆಯೇ ಸರಿಯಾದ ಆಸ್ಪತ್ರೆ ಅಂತಲೂ ಅಲ್ಲ. ಎದೆನೋವಿನವರಿಗೆ ಇಸಿಜಿ ಮಾಡಿ ರಕ್ತ ಹೆಪ್ಪು ಕರಗಿಸುವ ಚುಚ್ಚುಮದ್ದು ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಟೆನೆಕ್ಟೆಪ್ಲೇಸ್ ಅನ್ನುವ ಈ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಆಗಿದೆ. ನಿಮ್ಮ ವ್ಯಾಪ್ತಿಯ ಯಾವ ಆಸ್ಪತ್ರೆ ಅದರಲ್ಲಿದೆ ಅನ್ನುವುದನ್ನು ಮೊದಲ ವಾರವೇ ತಿಳಿದುಕೊಂಡಿರಿ. ಹಾವು ಕಚ್ಚಿದವರಿಗೂ ಹೀಗೆಯೇ, ವಿಷನಿರೋಧಕ ಎಲ್ಲಿದೆ ಅಂತ ಹೊರಡುವ ಮೊದಲೇ ಕೇಳಿ. ಊರಿನವರು ಬಿಗಿಯಾಗಿ ಹಗ್ಗ ಕಟ್ಟಿರುತ್ತಾರೆ. ದುಡುಕಿ ಬಿಚ್ಚಬೇಡಿ, ಮೊದಲು ವೈದ್ಯರಿಗೆ ಫೋನ್ ಮಾಡಿ. ನೀವಾಗಿ ಹೊಸದಾಗಿ ಕಟ್ಟಬೇಡಿ, ಕೊಯ್ಯಬೇಡಿ. ಆ ಕೈಯೋ ಕಾಲೋ ಅಲುಗದ ಹಾಗೆ ಸ್ಪ್ಲಿಂಟ್ ಹಾಕಿ, ಕಚ್ಚಿದ ಸಮಯ ಬರೆದುಕೊಳ್ಳಿ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪಟ್ಟಿಯಲ್ಲಿದೆ, ಆ ಸಮಯ ಅಲ್ಲೂ ಬೇಕಾಗುತ್ತದೆ.

ಸೂಜಿ ಚುಚ್ಚಿಕೊಂಡರೆ?

ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ಬಾಯಿಗೆ ಇಡಬೇಡಿ. ಕೂಡಲೇ ಮೇಲ್ವಿಚಾರಕರಿಗೆ ತಿಳಿಸಿ ಕ್ಯಾಷುವಾಲ್ಟಿಗೆ ಹೋಗಿ. ಎಚ್‌ಐವಿ ತಡೆಯುವ ಔಷಧಿ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಹೆಪಟೈಟಿಸ್ ಬಿ ಲಸಿಕೆ 0, 1, 6ನೇ ತಿಂಗಳ ಲೆಕ್ಕದಲ್ಲಿ ಮೂರು ಡೋಸ್. ಗಾಡಿ ಹತ್ತುವ ಮೊದಲೇ ಶುರುಮಾಡಿಸಲು ಕೇಳಿ. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗುವಾಗಲೇ ಹೆಚ್ಚಿನವರಿಗೆ ಚುಚ್ಚುವುದು. ಕ್ಯಾಪ್ ಹಾಕದೆ ನೇರ ಬಿಳಿ ಡಬ್ಬಕ್ಕೆ ಹಾಕಿ. ಗ್ಲೌಸ್, ಟ್ಯೂಬ್ ಕೆಂಪಿಗೆ. ರಕ್ತದ ಹತ್ತಿ ಹಳದಿಗೆ. ಗಾಜಿನ ವಯಲ್ ನೀಲಿಗೆ.

ನಡುವೆ ಬಿಟ್ಟರೆ ದುಡ್ಡು ಕಟ್ಟಬೇಕೇ?

ನಿಮ್ಮ ಕಡೆಯಿಂದ ಕರಾರು ಮುರಿದರೆ ಕೊನೆಯ ಸ್ಟೈಪೆಂಡ್‌ನ ಮೂರು ತಿಂಗಳ ಮೊತ್ತವನ್ನು ತರಬೇತಿ ವೆಚ್ಚವಾಗಿ ಕೇಳಬಹುದು. ಅವರ ಕಡೆಯಿಂದ ಮುರಿದರೆ ಅಷ್ಟೇ ಮೊತ್ತ ಅವರು ನಿಮಗೆ ಪರಿಹಾರ ಕೊಡಬೇಕು. ಈ ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒರಿಜಿನಲ್ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಅಂದರೆ ಕೊಡಬೇಡಿ, ತೋರಿಸಿ ವಾಪಸ್ ತನ್ನಿ.

ಮುಗಿದ ಮೇಲೆ ಕೆಲಸ ಗ್ಯಾರಂಟಿಯೇ?

ಇಲ್ಲ. ಕರಾರಿನಲ್ಲಿ ಬರೆದಿದ್ದರೆ ಹೊರತು, ಕೆಲಸ ಕೊಡಲೇಬೇಕು ಅಂತ ಕಾಯ್ದೆ ಹೇಳುವುದಿಲ್ಲ. ತೆಗೆದುಕೊಳ್ಳಲೇಬೇಕು ಅಂತ ನಿಮ್ಮ ಮೇಲೂ ಒತ್ತಾಯವಿಲ್ಲ. ಆದರೆ ಸಹಿ ಇರುವ ಲಾಗ್‌ಬುಕ್ ಮತ್ತು ಪ್ರಮಾಣಪತ್ರ ಕೈಯಲ್ಲಿದ್ದರೆ ಕಾರ್ಪೊರೇಟ್ ಆಸ್ಪತ್ರೆ, ಕಾರ್ಖಾನೆಯ ಆರೋಗ್ಯ ಕೇಂದ್ರ, ಏರ್‌ಪೋರ್ಟ್, 108 ಎಲ್ಲ ಕಡೆಗೂ ಅರ್ಜಿ ಹಾಕಬಹುದು. 108ರ ಇಎಂಟಿ ಹುದ್ದೆ ಸರ್ಕಾರಿ ನೌಕರಿ ಅನ್ನುವ ಭ್ರಮೆಯಲ್ಲಿ ಹೋಗಬೇಡಿ. ನೇಮಕ ಮಾಡಿಕೊಂಡು ಬಂದಿರುವುದು ಸೇವೆ ನಡೆಸುವ ಏಜೆನ್ಸಿ. ಮುಂದೆ ಓದುವ ಮನಸ್ಸಿದ್ದರೆ ಅಡ್ವಾನ್ಸ್‌ಡ್ ಹಂತ ಅಥವಾ ಪದವಿಯ ಕಡೆ ನೋಡಿ. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಲ್ಲಿ ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್ ಅನ್ನುವ ವೃತ್ತಿಯನ್ನು ಹೆಸರಿಸಿದ್ದಾರೆ. ನೋಂದಣಿಗೆ ಓದಿನ ಅವಧಿ ಲೆಕ್ಕಕ್ಕೆ ಬರುವುದರಿಂದ, ಬೇಸಿಕ್ ಪ್ರಮಾಣಪತ್ರ ಒಂದನ್ನೇ ನೆಚ್ಚಿ ಹತ್ತು ವರ್ಷ ಕೂರುವುದು ಜಾಣತನವಲ್ಲ.

ಇದೇ ಪ್ರಮಾಣಪತ್ರದಲ್ಲಿ ದುಬೈಗೋ ಅಮೆರಿಕಕ್ಕೋ ಹೋಗಬಹುದೇ?

ನೇರವಾಗಿ ಇಲ್ಲ. ಅಮೆರಿಕದಲ್ಲಿ ಆಯಾ ರಾಜ್ಯ ಒಪ್ಪಿದ ಕೋರ್ಸ್ ಮಾಡಿ, ಪರೀಕ್ಷೆ ಪಾಸಾಗಿ, ರಾಜ್ಯದ ಪರವಾನಗಿ ಪಡೆಯಬೇಕು. ಕೊಲ್ಲಿ ದೇಶಗಳಲ್ಲಿ ಪ್ರಮಾಣಪತ್ರ, ಅನುಭವ ಪತ್ರ ಎರಡನ್ನೂ ಅವು ಹೊರಟ ಸಂಸ್ಥೆಯಿಂದಲೇ ಪರಿಶೀಲಿಸಿ, ಆಮೇಲೆ ಪರವಾನಗಿಯ ಮಾತು. ನೋಂದಣಿಯಾಗದ ಕರಾರಿನ ಅಪ್ರೆಂಟಿಸ್‌ಶಿಪ್ ಅಂಥ ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ. ಅನುಭವ ಪತ್ರದಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕ, ಹುದ್ದೆಯ ಹೆಸರು, ಗಾಡಿಯ ಮಾದರಿ, ಸಂಸ್ಥೆಯ ಅಧಿಕೃತ ಇಮೇಲ್ ಇರುವ ಹಾಗೆ ಬರೆಸಿಕೊಳ್ಳಿ. ಅದನ್ನು ಬಿಡುವ ವಾರವೇ ಮಾಡಿಸಿ, ಆಮೇಲೆ ಬಂದರೆ ಎಚ್‌ಆರ್‌ನಲ್ಲಿ ನಿಮ್ಮ ಪರಿಚಯದವರೇ ಇರುವುದಿಲ್ಲ.